ದೊಡ್ಡಮ್ಮನ ನೋವಿಗೆ ಎಷ್ಟು ಅಂಕ

ನನಗೊಂದು ಚಟವಿದೆ, ಸಿಗರೇಟಿಗಿಂತ ಕೆಟ್ಟದ್ದು: ಎಲ್ಲವನ್ನೂ ತಾರೀಖು ಹಾಕಿ ಬರೆದಿಡುವುದು. ಯಡ್ತರೆಯಿಂದ ಕುಂದಾಪುರಕ್ಕೆ ಹೋಗುವ ಬಸ್ಸು ಯಾವ ದಿನ ಎಷ್ಟು ನಿಮಿಷ ತಡ, ಬೆಕ್ಕು ಎಷ್ಟು ಸಲ ಹಾಲಿಗೆ ಬಾಯಿ ಹಾಕಿತು, ಎಲ್ಲಕ್ಕೂ ಒಂದೊಂದು ಪುಟ. ಬರೆದಿಟ್ಟದ್ದು ಸುಳ್ಳಾಗದು ಎಂಬ ಅಹಂಕಾರವೂ ಇತ್ತು.

ನನ್ನನ್ನು ಸಾಕಿದ ದೊಡ್ಡಮ್ಮನ ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿತ್ತು. ವಾಸಿಯ ಮಾತಿಲ್ಲ, ನೋವಾದರೂ ತಗ್ಗಲಿ ಎಂದು ಬೈಂದೂರಿಗೆ ಹೊಸದಾಗಿ ಬಂದಿದ್ದ ಡಾಕ್ಟರಮ್ಮನನ್ನು ಮನೆಗೆ ಕರೆತಂದೆ. ಕೇರಳದಲ್ಲಿ ವರ್ಷಗಟ್ಟಲೆ ಇಂಥ ರೋಗಿಗಳನ್ನೇ ನೋಡಿದವರು. ಬೆನ್ನು ಮುಟ್ಟಿ ನೋಡಿ, "ಮಾರ್ಫಿನ್ ಬೇಕು. ಆಸ್ಪತ್ರೆಯ ಕಪಾಟಿನಲ್ಲೇ ಇದೆ. ಆದರೆ ನಾನು ಬರೆಯುವಂತಿಲ್ಲ, ನನ್ನ ರಿಜಿಸ್ಟ್ರೇಷನ್ ಕೇರಳದ್ದು. ಇಲ್ಲಿಯದು ಇನ್ನೂ ಬಂದಿಲ್ಲ," ಎಂದರು.

"ಅಲ್ದಾ ಮಗಾ, ಗಡಿ ದಾಟ್ತಿದ್ದಂಗೆ ಇವ್ರ್ ಕಲ್ತದ್ದೆಲ್ಲ ಮರ್ತ್ ಹೋಯ್ತಾ?" ಎಂದಳು ದೊಡ್ಡಮ್ಮ. ಡಾಕ್ಟರಮ್ಮ ನಗಲೂ ಆಗದೆ ಬ್ಯಾಗಿನ ಜಿಪ್ ಎಳೆದರು.

ಬರೆಯಬಲ್ಲ ಡಾಕ್ಟರು ಬ್ರಹ್ಮಾವರದಲ್ಲಿದ್ದರು. ರೋಗಿಯನ್ನು ನೋಡದೆ ಬರೆಯುವುದಿಲ್ಲ ಎಂದರು. ದೊಡ್ಡಮ್ಮನನ್ನು ಕಾರಿನಲ್ಲಿ ಮಲಗಿಸಿ ಹೊರಟವರು, ಹೆದ್ದಾರಿ ಸಿಗುವ ಮೊದಲೇ ಅವಳ ಕೂಗು ಕೇಳಲಾರದೆ ಹಿಂದಿರುಗಿದೆವು.

"ನನ್ನ ಕಾಗದ ಬರುವವರೆಗೆ ಚೀಟಿ ಬೇಡದ ಈ ಸಣ್ಣ ಮಾತ್ರೆ ಕೊಡಿ. ದಿನಾ ನೋವು ಹತ್ತರಲ್ಲಿ ಎಷ್ಟು ಎಂದು ಕೇಳಿ ಬರೆದಿಡಿ," ಎಂದರು ಡಾಕ್ಟರಮ್ಮ. ನನಗೆ ಹೇಳಬೇಕೇ! ಅಂದೇ ಪುಟಕ್ಕೆ ಗೆರೆ ಎಳೆದೆ. ಮೊದಲ ದಿನ ಒಂಬತ್ತು. ಎರಡನೆಯ ದಿನ ಗಂಜಿಯಾದ ಮೇಲೆ ಪೆನ್ನು ಹಿಡಿದು ಕೂತೆ.

"ಮಾರ್ಕ್ ಕೊಡುಕೆ ನಾ ಎಂತ ಮಾಸ್ಟ್ರಾ? ನಿನ್ನೆ ಎಷ್ಟ್ ಬರ್ದಿದ್ದೆ?"

"ಒಂಬತ್ತ್."

"ಹಂಗಾರೆ ಇವತ್ತ್ ಎಂಟ್ ಬರಿ."

ಎಂಟು, ಏಳು, ಆರು. ಸಣ್ಣ ಮಾತ್ರೆಯ ಮಹಿಮೆ ಎಂದುಕೊಂಡೆ. ಇಪ್ಪತ್ತಮೂರನೆಯ ದಿನ ಡಾಕ್ಟರಮ್ಮ ಫೋನು ಮಾಡಿದರು: "ಕಾಗದ ಬಂತು! ನೋವು ಎಷ್ಟಿದೆ?" ಪುಟ ತಿರುಗಿಸಿ ಹೆಮ್ಮೆಯಿಂದ "ನಾಲ್ಕು" ಎಂದೆ. "ಹಾಗಾದರೆ ಅವಸರವಿಲ್ಲ. ವಾರ ಕಳೆದು ಬರುತ್ತೇನೆ."

ಸುದ್ದಿ ಹೇಳಲು ಒಳಗೆ ಓಡಿದೆ. ದೊಡ್ಡಮ್ಮ ಗೋಡೆಗೆ ಮುಖ ಮಾಡಿ ಹೊದಿಕೆಯ ಅಂಚನ್ನು ಕಚ್ಚಿ ಹಿಡಿದಿದ್ದಳು. ಅಂಚಿನುದ್ದಕ್ಕೂ ಬಟ್ಟೆ ಹರಿದು ನೂಲು ನೂಲಾಗಿತ್ತು.

"ದೊಡ್ಡಮ್ಮ, ಇದೆಂತ?"

"ಒಂಬತ್ ಬರ್ದ್ ದಿನ ನೀ ಉಣ್ಲಿಲ್ಲ ಮಗಾ. ಬಾಡಿದ್ ನಿನ್ ಮೋರೆ ಕಾಂಬುಕ್ ಆಯ್ಲಿಲ್ಲ. ಅದ್ಕೇ ಕಮ್ಮಿ ಹೇಳ್ದೆ."

ಇಪ್ಪತ್ತಮೂರು ದಿನ ಊರಿಗೆಲ್ಲ ಕೇಳುವಂತೆ ಕಾನೂನಿಗೆ ಬೈದವನು ನಾನು. ಕಾನೂನು ದಾರಿ ಬಿಟ್ಟುಕೊಟ್ಟ ದಿನ ಅಡ್ಡ ನಿಂತದ್ದು ನನ್ನ ಪುಸ್ತಕ.

ಕೂಡಲೇ ಫೋನು ಮಾಡಿ, "ಹತ್ತು, ಡಾಕ್ಟ್ರೇ, ಹತ್ತು" ಎಂದೆ. ಈಗಲೇ ಹೊರಟೆ ಎಂದರು.

"ಹತ್ತ್ ಬ್ಯಾಡ ಮಗಾ, ಡಾಕ್ಟ್ರಮ್ಮ ಹೆದ್ರ್ಕಂತ್ರ್. ಒಂಬತ್ ಮಾಡ್," ಎಂದು ದೊಡ್ಡಮ್ಮ ಮೀನು ಮಾರ್ಕೆಟ್ಟಿನಲ್ಲಿ ನಿಂತವಳಂತೆ ಚೌಕಾಸಿಗೆ ಇಳಿದಳು.

ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲು ನೋಡುತ್ತಾ ಕೂತೆ. ಕೂತಲ್ಲೇ, ನಾಚಿಕೆಗೆಟ್ಟವನು, ಪುಸ್ತಕ ಬಿಡಿಸಿ ಆ ನಾಲ್ಕನ್ನು ಹೊಡೆದುಹಾಕಿ ಒಂಬತ್ತೂವರೆ ಎಂದು ಬರೆದೆ.