ಹಂದಿತೊಡೆ, ಸಲಕರಣೆ ಸಂಖ್ಯೆ ೪೧೭

ಕ್ರುಷ್ಕೊವೊ ಪಟ್ಟಣದ ಆರೋಗ್ಯಗೃಹದಲ್ಲಿ ಒಂದು ಎಕ್ಸ್‌ರೇ ಯಂತ್ರ, ಎರಡು ತೂಕದ ಯಂತ್ರ, ಹನ್ನೊಂದು ಬಿ.ಪಿ. ಪಟ್ಟಿ ಹಾಗೂ ಹೊಗೆ ಹಾಕಿ ಒಣಗಿಸಿದ ಒಂದು ಹಂದಿತೊಡೆ ಇವೆ ಎಂದು ಈ ಮೂಲಕ ದೃಢೀಕರಿಸಲಾಗಿದೆ. ಇವುಗಳ ಪೈಕಿ ಎಕ್ಸ್‌ರೇ ಯಂತ್ರ ಕೆಟ್ಟಿದೆ. ಉಳಿದವೆಲ್ಲ ಸುಸ್ಥಿತಿಯಲ್ಲಿವೆ.

ಬ್ಲಾಗೊಯೆ ಎಂಬ ಹೆಸರಿನ ನಾನು ಇಲ್ಲಿಯ ದಾಖಲೆ ಕೋಣೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಗುಮಾಸ್ತ. ಹಂದಿತೊಡೆಯ ವಿಚಾರವಾಗಿ ಊರಲ್ಲಿ ಇಲ್ಲಸಲ್ಲದ ಸುದ್ದಿಗಳು ಹಬ್ಬಿರುವುದರಿಂದ ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತಿದ್ದೇನೆ. ಅದನ್ನು ಯಾರೋ ತಿಂದರು ಎಂಬುದು ಅಂಥ ಸುದ್ದಿಗಳಲ್ಲೊಂದು. ಯಾರೂ ತಿಂದಿಲ್ಲ.

ನಮ್ಮ ಕಡೆ ಡಾಕ್ಟರ ಹತ್ತಿರ ಬರಿಗೈಯಲ್ಲಿ ಹೋಗುವ ಪದ್ಧತಿಯಿಲ್ಲ. ಇದು ಲಂಚವಲ್ಲ. ಲಂಚಕ್ಕೆ ಕಾನೂನಿನಲ್ಲಿ ಶಿಕ್ಷೆಯಿದೆ, ಇದಕ್ಕಿಲ್ಲ. ಬಿ.ಪಿ. ನೋಡಿಸಲು ಇನ್ನೂರು ಗ್ರಾಂ ಕಾಫಿಪುಡಿ, ರಕ್ತಪರೀಕ್ಷೆಗೆ ಒಂದು ಚಾಕೊಲೇಟ್ ಡಬ್ಬಿ, ದೊಡ್ಡಾಸ್ಪತ್ರೆಗೆ ಚೀಟಿ ಬೇಕಾದರೆ ಮನೆಯಲ್ಲೇ ಇಳಿಸಿದ ಪ್ಲಮ್ ಹಣ್ಣಿನ ಸಾರಾಯಿ, ನಮ್ಮ ರಾಕಿಯಾ, ಒಂದು ಲೀಟರ್. ಕಾಯಿಲೆ ಜೀವನಪರ್ಯಂತದ್ದಾದರೆ ಹಂದಿತೊಡೆ. ಇದರಲ್ಲಿ ಚಾಕೊಲೇಟ್ ಡಬ್ಬಿಯನ್ನು ಮಾತ್ರ ಯಾರೂ ತೆರೆಯುವುದಿಲ್ಲ. ಪಡೆದವರು ಇನ್ನೊಬ್ಬರಿಗೆ ಕೊಡುತ್ತಾರೆ, ಅವರು ಮತ್ತೊಬ್ಬರಿಗೆ. ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ನೋಡಿದ ಹಂಸದ ಚಿತ್ರದ ಡಬ್ಬಿಯೊಂದು ಹೋದ ವರ್ಷ ಮತ್ತೆ ನಮ್ಮ ಮನೆಗೆ ಬಂದಿತ್ತು.

ನಮ್ಮ ಹೆಡ್ ನರ್ಸ್ ಲ್ಯುಬಿಂಕಾ ಒಂದು ಸಲ ಯಾರೋ ಕೊಟ್ಟ ಡಬ್ಬಿಯನ್ನು ಕೊಟ್ಟವರ ಮನೆಯ ಕುಲದೇವರ ಹಬ್ಬಕ್ಕೇ ಒಯ್ದು ಎಲ್ಲರೆದುರು ನಗೆಪಾಟಲಾದರು. ಅಂದಿನಿಂದ ಅವರು ಯಾರು ಏನು ತಂದರೆಂದು ಆಯಾ ರೋಗಿಯ ಕಡತದ ಮೂಲೆಯಲ್ಲಿ ಚಿಕ್ಕದಾಗಿ ಬರೆದಿಡತೊಡಗಿದರು. ಕಾಫಿಪುಡಿ, ಇನ್ನೂರು ಗ್ರಾಂ. ರಾಕಿಯಾ, ಒಂದು ಲೀಟರ್, ಮನೆಯದ್ದು. ಹಂದಿತೊಡೆ, ಏಳು ಕಿಲೋ. ಹದಿನೆಂಟು ವರ್ಷ ಒಂದು ದಿನವೂ ತಪ್ಪಿಸಲಿಲ್ಲ. ರಕ್ತದ ಸಕ್ಕರೆ ಬರೆಯುವುದನ್ನು ಅವರು ಮರೆತದ್ದುಂಟು, ಇದನ್ನು ಮರೆತದ್ದಿಲ್ಲ.

ಹೀಗಿರುವಾಗ ರಾಜಧಾನಿಯ ಸಂಶೋಧನಾ ಸಂಸ್ಥೆಯೊಂದು ಸಕ್ಕರೆ ಕಾಯಿಲೆ, ಬಿ.ಪಿ. ಮುಂತಾದ ಬಿಡದ ಕಾಯಿಲೆಗಳಲ್ಲಿ ಯಾರಿಗೆ ಅಪಾಯ ಹೆಚ್ಚು, ಯಾವ ಆರೈಕೆ ಫಲ ಕೊಡುತ್ತದೆ ಎಂದು ರೋಗಿಗಳ ದಾಖಲೆಗಳಿಂದಲೇ ತಿಳಿಯಲು ಹೊರಟಿತು. ನಮ್ಮ ಕಡತಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಬೇಕೆಂದು ಆದೇಶ ಬಂತು. ಆದೇಶದ ಒಂಬತ್ತನೇ ಅಂಶ ಹೀಗಿತ್ತು: "ಕಡತದಲ್ಲಿರುವ ಯಾವುದೇ ಬರಹವನ್ನು ಬಿಡತಕ್ಕದ್ದಲ್ಲ. ಗುಮಾಸ್ತರು ಸ್ವಂತ ಬುದ್ಧಿಯನ್ನು ಉಪಯೋಗಿಸತಕ್ಕದ್ದಲ್ಲ." ನಾನು ಆರು ಸಾವಿರದ ಮುನ್ನೂರ ಹನ್ನೆರಡು ಕಡತಗಳನ್ನು ಏರಿಸಿದೆ. ಒಂಬತ್ತನೇ ಅಂಶವನ್ನು ಎಲ್ಲೂ ಉಲ್ಲಂಘಿಸಲಿಲ್ಲ. ಉಡುಗೊರೆಗೆಂದು ಕಾಲಂ ಇರಲಿಲ್ಲವಾದ್ದರಿಂದ ಕಾಫಿ, ರಾಕಿಯಾ, ಹಂದಿತೊಡೆಗಳನ್ನು "ಆಹಾರ ಮತ್ತು ಇತರ ಪದಾರ್ಥ" ಎಂಬ ಕಾಲಮಿನಲ್ಲಿ ತುಂಬಿದೆ.

ಎಂಟು ತಿಂಗಳ ನಂತರ ಸಂಸ್ಥೆಯ ಸಂಶೋಧಕಿ ನೆವೆನಾ ಫಲಿತಾಂಶ ಹೇಳಲು ಬಂದರು. ವಯಸ್ಸು ಮೂವತ್ತರೊಳಗೆ, ಪ್ರಾಮಾಣಿಕ ಹುಡುಗಿ, ನಿದ್ದೆಗೆಟ್ಟ ಕಣ್ಣು. ಗೋಡೆಯ ಮೇಲೆ ಚಿತ್ರಗಳನ್ನು ಮೂಡಿಸಿ ವಿವರಿಸಿದರು. ನಮ್ಮ ಆರುನೂರ ಹನ್ನೊಂದು ಸಕ್ಕರೆ ರೋಗಿಗಳಲ್ಲಿ, ದಾಖಲೆಯಲ್ಲಿ ಹಂದಿತೊಡೆ ಇದ್ದ ಒಬ್ಬರೂ ಹತ್ತು ವರ್ಷದಲ್ಲಿ ಕಾಲು ಕಳೆದುಕೊಂಡಿರಲಿಲ್ಲ. ರಾಕಿಯಾ ಇದ್ದವರ ಕಣ್ಣು ಚೆನ್ನಾಗಿತ್ತು, ಅದರಲ್ಲೂ ಅಂಗಡಿಯದ್ದಕ್ಕಿಂತ ಮನೆಯ ರಾಕಿಯಾದ ಪರಿಣಾಮ ದುಪ್ಪಟ್ಟು. ಕಾಫಿಯ ಪರಿಣಾಮ ಅಷ್ಟಕ್ಕಷ್ಟೆ. ಏನೂ ಇಲ್ಲದವರಲ್ಲಿ ಹದಿನಾಲ್ಕು ಜನರ ಬೆರಳು ಅಥವಾ ಪಾದ ಹೋಗಿತ್ತು. ಹಂದಿತೊಡೆಯ ತೂಕ ಹೆಚ್ಚಿದಷ್ಟೂ ರೋಗಿಯ ಆರೋಗ್ಯ ಹೆಚ್ಚುತ್ತದೆ ಎಂಬುದು ತಮಗೂ ಅಚ್ಚರಿ ತಂದಿದೆ, ಆದರೆ ಲೆಕ್ಕವನ್ನು ಮೂರು ಸಲ ತಾಳೆ ನೋಡಲಾಗಿದೆ ಎಂದರು.

ಸಭೆಯಲ್ಲಿ ಇಪ್ಪತ್ತೆರಡು ಸಿಬ್ಬಂದಿ ಇದ್ದೆವು. ಇಪ್ಪತ್ತೆರಡು ಜನಕ್ಕೂ ವಿಷಯ ಗೊತ್ತಿತ್ತು. ನಾನು ತಡೆಯಲಾಗದೆ ಎದ್ದು ನಿಂತೆ.

"ಮೇಡಂ, ಆ ಪದಾರ್ಥಗಳನ್ನ ರೋಗಿಗಳು ತಿಂದಿಲ್ಲ."

"ಮತ್ತೆ ಯಾರು ತಿಂದ್ರು?"

ಎಲ್ಲರೂ ಚಾವಣಿ ನೋಡಿದರು. ನಮ್ಮ ಹಿರಿಯ ಡಾಕ್ಟರ್ ಗ್ವೊಜ್ದೆನ್ ಗಂಟಲು ಸರಿಮಾಡಿಕೊಂಡು, "ಅದು ಈ ಅಧ್ಯಯನದ ವ್ಯಾಪ್ತಿಗೆ ಬರಲ್ಲ," ಎಂದರು. ಅವರ ಹೊಟ್ಟೆ ಮೇಜಿಗೆ ತಾಗುತ್ತಿತ್ತು. ನೆವೆನಾ ಆ ಮಾತನ್ನು ಅಧ್ಯಯನದ ಮಿತಿಗಳು ಎಂಬ ತಲೆಬರಹದ ಕೆಳಗೆ ಗುರುತು ಹಾಕಿಕೊಂಡರು. ಆಮೇಲೆ ಎಲ್ಲರಿಗೂ ಕಾಫಿ ಬಂತು. ಕಾಫಿ ಯಾರದೆಂದು ಕೇಳುವವರಿರಲಿಲ್ಲ.

ತಿಂಗಳೊಳಗೆ ಮೇಲಿನಿಂದ ಸುತ್ತೋಲೆ ಬಂತು:

"ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಪ್ರತಿಯೊಬ್ಬ ದೀರ್ಘಕಾಲೀನ ರೋಗಿಯೂ ಮೂರು ತಿಂಗಳಿಗೊಮ್ಮೆ ಕನಿಷ್ಠ ಒಂದು ರಕ್ಷಣಾ ಪದಾರ್ಥವನ್ನು ಆರೋಗ್ಯಗೃಹದ ಮುಂಬಾಗಿಲಿನಿಂದ ತಂದು ಕೌಂಟರಿನಲ್ಲಿ ದಾಖಲಿಸತಕ್ಕದ್ದು. ದಾಖಲಿಸದ ರೋಗಿಯನ್ನು ಕೆಂಪು ಎಂದು ಗುರುತಿಸತಕ್ಕದ್ದು. ಕೆಂಪು ರೋಗಿಗೆ ದೊಡ್ಡಾಸ್ಪತ್ರೆಯ ಚೀಟಿ ಕೊಡುವ ಮುನ್ನ, ತೊಂಬತ್ತು ದಿನ ರಕ್ಷಣಾ ಪದಾರ್ಥ ಬಳಸಿ ನೋಡುವಂತೆ ಸಲಹೆ ನೀಡತಕ್ಕದ್ದು. ಬುಧವಾರ, ಶುಕ್ರವಾರ ಮಾಂಸ ಬಿಟ್ಟು ಉಪವಾಸ ಹಿಡಿಯುವವರು ಆ ದಿನಗಳಲ್ಲಿ ಹಂದಿತೊಡೆಗೆ ಬದಲಾಗಿ ಒಣಮೀನು ತರಬಹುದು."

ಹಿಂದೆ ಹಿತ್ತಲ ಬಾಗಿಲಿನಿಂದ ಬರುತ್ತಿದ್ದದ್ದು ಈಗ ಮುಂಬಾಗಿಲಿನಿಂದ ಬರತೊಡಗಿತು. ವ್ಯತ್ಯಾಸ ಅಷ್ಟೇ. ಲ್ಯುಬಿಂಕಾ ಸಿಸ್ಟರ್ ಎರಡನೇ ಫ್ರಿಜ್‌ಗೆ ಅರ್ಜಿ ಹಾಕಿದರು.

ಸುತ್ತೋಲೆ ಬಂದ ಎರಡನೇ ವಾರ ವಿದೊಸಾವಾ ಚಿಕ್ಕಮ್ಮ ದಾಖಲೆ ಕೋಣೆಗೆ ಕುಂಟುತ್ತ ಬಂದರು. ನನಗೆ ರಕ್ತಸಂಬಂಧವಲ್ಲ, ಊರಿಗೆಲ್ಲ ಚಿಕ್ಕಮ್ಮ. ರೈಲ್ವೆ ಸಿಗ್ನಲ್ ಎಳೆಯುತ್ತಿದ್ದವರ ವಿಧವೆ. ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ. ಕೈಯಲ್ಲಿ ಕೆಂಪು ಚೀಟಿ. ಎಡಗಾಲಿನ ಕಾಲುಚೀಲವನ್ನು ಅವರೇ ಇಳಿಸಿ ತೋರಿಸಿದರು. ಕಿರುಬೆರಳು ಕಪ್ಪಗಾಗಿತ್ತು, ಪಾದ ಊದಿಕೊಂಡಿತ್ತು. ಡಾಕ್ಟರು ಈ ಕಾಲನ್ನು ನೋಡಿ ಏನೆಂದರು ಎಂದು ಕೇಳಿದೆ. ನಾಲ್ಕು ವರ್ಷದಿಂದ ಅವರು ಕಾಲುಚೀಲ ತೆಗೆ ಎಂದೇ ಇಲ್ಲ ಎಂದರು. ಮಾತ್ರೆ ಬರೆಯುತ್ತಾರೆ, ಮುಂದಿನವರನ್ನು ಕರೆಯುತ್ತಾರೆ. ಇವತ್ತು ತೊಂಬತ್ತು ದಿನ ಹಂದಿತೊಡೆ ಬಳಸಿ ಬಾ ಎಂದು ಕೌಂಟರಿನಿಂದಲೇ ಕಳಿಸಿದ್ದರು.

ತೊಂಬತ್ತು ದಿನ ಆ ಕಾಲು ತಡೆಯುವುದಿಲ್ಲ ಎನ್ನಲು ಡಾಕ್ಟರಿಕೆ ಓದಿರಬೇಕಿಲ್ಲ. ಅವರ ಕಡತ ತೆರೆದೆ. ಪದಾರ್ಥದ ಕಾಲಂ ಖಾಲಿ. ಹನ್ನೆರಡು ವರ್ಷ ಖಾಲಿ. ಆ ಖಾಲಿಯನ್ನು ಅಚ್ಚುಕಟ್ಟಾಗಿ ಕಂಪ್ಯೂಟರಿಗೆ ಏರಿಸಿದವನು ನಾನೇ. ನನಗೆ ನಾಚಿಕೆಯಾಯಿತು.

"ಒಂದು ಕಾಫಿಪುಡಿ ಪೊಟ್ಟಣನಾದ್ರೂ ಕೊಡಬಾರ್ದಿತ್ತಾ ಚಿಕ್ಕಮ್ಮ?"

"ಯಾಕೆ ಕೊಡಬೇಕು? ನಮ್ಮೋರು ಮೂವತ್ತೊಂದು ವರ್ಷ ಸಿಗ್ನಲ್ ಎಳೆದ್ರು. ಯಾವನಾದ್ರೂ ಒಂದು ದಿನ ಕಾಫಿಪುಡಿ ತಂದ್ಕೊಟ್ನಾ? ಆದ್ರೂ ರೈಲು ಹೋಗ್ತಿತ್ತು ತಾನೆ?"

"ಹೋಗ್ತಿತ್ತು. ಈಗ ರೈಲೇ ಇಲ್ವಲ್ಲ."

"ಅದು ಅವರ ತಪ್ಪಲ್ಲ," ಎಂದು ಕಾಲುಚೀಲ ಏರಿಸಿಕೊಂಡರು.

ಇಲ್ಲಿ ಒಂದು ಆಕಸ್ಮಿಕವನ್ನು ನಮೂದಿಸಬೇಕು. ಅದೇ ವಾರ, ಚಿಕ್ಕಮ್ಮ ಬರುವ ಮುಂಚೆ, ಕಂಪ್ಯೂಟರು ನಮ್ಮ ಡಾಕ್ಟರ್ ಗ್ವೊಜ್ದೆನ್ ಅವರನ್ನೇ ಕೆಂಪು ಎಂದು ಗುರುತಿಸಿತ್ತು. ಅವರಿಗೂ ಸಕ್ಕರೆ ಕಾಯಿಲೆ. ಆರುನೂರು ಜನರ ಪದಾರ್ಥ ತಿಂದವರು ಅವರೇ ಆದರೂ ಅವರ ಸ್ವಂತ ದಾಖಲೆಯಲ್ಲಿ ಒಂದು ಚಮಚ ಕಾಫಿಯೂ ಇರಲಿಲ್ಲ. ತಮಗೆ ತಾವೇ ಕೊಟ್ಟುಕೊಳ್ಳಲು ನಿಯಮವಿಲ್ಲದ್ದರಿಂದ ಅವರು ತಮ್ಮ ಮನೆಯಿಂದ ಏಳೂವರೆ ಕಿಲೋದ ಹಂದಿತೊಡೆಯೊಂದನ್ನು ಮುಂಬಾಗಿಲಿನಿಂದ ತಂದು ಲ್ಯುಬಿಂಕಾ ಸಿಸ್ಟರಿಗೆ ಕೊಟ್ಟರು. ಬಿ.ಪಿ. ಇರುವ ಸಿಸ್ಟರ್ ಕೂಡ ಕೆಂಪು. ಅವರು ಅದನ್ನೇ ಹೊರಗೆ ಒಯ್ದು, ಮುಂಬಾಗಿಲಿನಿಂದ ಮತ್ತೆ ತಂದು, ನನ್ನ ಮೇಜಿನ ಮೇಲಿಟ್ಟು ತಮ್ಮ ಹೆಸರಿನಲ್ಲಿ ದಾಖಲಿಸಿಕೊಂಡರು. ಇಬ್ಬರೂ ಹಸಿರಾದರು. ತೊಡೆ ನನ್ನ ಕೋಣೆಯಲ್ಲೇ ಉಳಿದಿತ್ತು.

ನಾನು ಸುತ್ತೋಲೆಯನ್ನು ಮತ್ತೊಮ್ಮೆ ಓದಿದೆ. ಪದಾರ್ಥ ಮುಂಬಾಗಿಲಿನಿಂದ ಬರಬೇಕೆಂದಿತ್ತು. ಅದು ಯಾರದಾಗಿರಬೇಕೆಂದಾಗಲಿ, ಆಮೇಲೆ ಎಲ್ಲಿಗೆ ಹೋಗಬೇಕೆಂದಾಗಲಿ ಇರಲಿಲ್ಲ.

ಚಿಕ್ಕಮ್ಮನನ್ನು ಹಿತ್ತಲ ಬಾಗಿಲಿಗೆ ಕರೆದೊಯ್ದು ತೊಡೆಯನ್ನು ಅವರ ಕೈಗೆ ಕೊಟ್ಟೆ. ಕಟ್ಟಡ ಸುತ್ತಿಕೊಂಡು ಮುಂದಿನಿಂದ ಬನ್ನಿ ಎಂದೆ. ಅವರು ತೊಡೆಯನ್ನೂ ನನ್ನನ್ನೂ ನೋಡಿದರು.

"ಇಷ್ಟು ವರ್ಷ ಕೊಡದೆ ಇದ್ದೋಳು ಈಗ ಲಂಚ ಹೊತ್ಕೊಂಡು ಹೋಗ್ಲಾ?"

"ಲಂಚ ಅಲ್ಲ ಚಿಕ್ಕಮ್ಮ, ಇದು ಆಸ್ಪತ್ರೆ ಸಾಮಾನು. ತೂಕದ ಯಂತ್ರದ ಮೇಲೆ ನಿಲ್ಲಲ್ವಾ? ಹಾಗೇನೆ ಇದು. ಹತ್ತು ನಿಮಿಷ ಹಿಡ್ಕೊಂಡು ವಾಪಸ್ ಕೊಡಿ."

ಅವರು ಬಹಳ ಹೊತ್ತು ಕಾಲು ನೋಡಿಕೊಂಡರು. ಆಮೇಲೆ ತೊಡೆಯನ್ನು ಕೂಸಿನ ಹಾಗೆ ಎತ್ತಿಕೊಂಡು ಕುಂಟುತ್ತ ಹೊರಟರು. ನಾನು ಎರಡು ಹೆಜ್ಜೆ ಹಿಂದೆ ನಡೆದೆ.

ದಾಖಲಾದ ಕ್ಷಣದಲ್ಲೇ ಡಾಕ್ಟರ ಪರದೆಯ ಮೇಲೆ ಹಸಿರು ಬಂತು, ಪಕ್ಕದಲ್ಲಿ "ಹಂದಿತೊಡೆ, ಏಳೂವರೆ ಕಿಲೋ" ಎಂದು ಮೂಡಿತು. ಡಾಕ್ಟರ್ ಗ್ವೊಜ್ದೆನ್ ಕುರ್ಚಿಯಿಂದ ತಾವೇ ತಾವಾಗಿ ಎದ್ದರು. ಮೂವತ್ತು ವರ್ಷದ ಅಭ್ಯಾಸ. ಕೂತ್ಕೊಳ್ಳಿ ಎಂದರು, ಮಕ್ಕಳು ಹೇಗಿದ್ದಾರೆ ಎಂದರು, ಕಾಲುಚೀಲ ತೆಗೀರಿ ಎಂದರು. ತೆಗೆದ ಮೇಲೆ ಪಾದವನ್ನು ಕೈಯಲ್ಲಿ ಹಿಡಿದು ನೋಡಿದರು. ದೊಡ್ಡಾಸ್ಪತ್ರೆಗೆ ಚೀಟಿ ಬರೆದು, ತಾವೇ ಫೋನ್ ಮಾಡಿ, ಅಂದೇ ಆಂಬುಲೆನ್ಸಿನಲ್ಲಿ ಕಳಿಸಿದರು. ಅವರು ಕೆಟ್ಟ ಡಾಕ್ಟರೇನಲ್ಲ ಎಂದು ದಾಖಲಿಸಲು ಇಚ್ಛಿಸುತ್ತೇನೆ. ನೋಡಿದರೆ ಅವರಿಗೆ ಎಲ್ಲ ಗೊತ್ತಾಗುತ್ತದೆ.

ಅಲ್ಲಿ ಮುಚ್ಚಿಹೋಗಿದ್ದ ರಕ್ತನಾಳವನ್ನು ತೆರೆದರು. ಕಿರುಬೆರಳು ಹೋಯಿತು, ಪಾದ ಉಳಿಯಿತು. ಇನ್ನೊಂದು ವಾರ ತಡವಾಗಿದ್ದರೆ ಮೊಣಕಾಲಿನವರೆಗೆ ಹೋಗುತ್ತಿತ್ತಂತೆ.

ಸುದ್ದಿ ಹಬ್ಬಲು ಎಷ್ಟು ಹೊತ್ತು? ಮರುವಾರವೇ ಹಿತ್ತಲ ಬಾಗಿಲಿನಲ್ಲಿ ಸಾಲು ನಿಂತಿತು. ಹಂದಿ ಸಾಕದವರು, ಪಿಂಚಣಿಯಲ್ಲಿ ಬದುಕುವವರು, ಯಾರಿಗೂ ಏನೂ ಕೊಟ್ಟು ಗೊತ್ತಿಲ್ಲದವರು. ತೊಡೆ ಹಿಂದಿನಿಂದ ಹೊರಗೆ ಹೋಗುವುದು, ಮುಂದಿನಿಂದ ಒಳಗೆ ಬರುವುದು. ಗೊಂದಲವಾಗಬಾರದೆಂದು ನಾನು ಸರದಿ ಪುಸ್ತಕ ಮಾಡಿದೆ. ಪುಸ್ತಕವಿದೆ ಎಂದ ಮೇಲೆ ಸಲಕರಣೆ ಸಂಖ್ಯೆ ಬೇಕಾಯಿತು. ಸಂಖ್ಯೆ ೪೧೭ ಬಂದ ಮೇಲೆ ಅದನ್ನು ತೂಗುಹಾಕಲು ಕೊಕ್ಕೆ ಮಂಜೂರಾಯಿತು. ತಮ್ಮ ಫ್ರಿಜ್ ಖಾಲಿಯಾಗುತ್ತಿದೆ ಎಂದು ಲ್ಯುಬಿಂಕಾ ಸಿಸ್ಟರ್ ಮೊದಲು ಗೊಣಗಿದರು. ಆದರೆ ತೊಡೆಯ ಉಸ್ತುವಾರಿ ಅಧಿಕಾರಿ ಎಂದು ನೇಮಕವಾದ ಮೇಲೆ ಅದನ್ನು ದಿನಾ ಒರೆಸುವವರು ಅವರೇ. ವರ್ಷದ ತಪಾಸಣೆಯಲ್ಲಿ ಒಂಬೈನೂರು ಗ್ರಾಂ ಕಡಿಮೆ ಕಂಡುಬಂದು ಮೂವರ ಸಮಿತಿ ಕೂತಿತು. ಒಣಗಿದ್ದರಿಂದ ಆದ ನಷ್ಟ, ಸಿಬ್ಬಂದಿಯ ಪಾತ್ರವಿಲ್ಲ ಎಂದು ವರದಿ ಕೊಟ್ಟಿತು.

ಮುಂದಿನ ವಸಂತದಲ್ಲಿ ನೆವೆನಾ ಮತ್ತೆ ಬಂದರು. ಆ ವರ್ಷ ಕ್ರುಷ್ಕೊವೊದಲ್ಲಿ ಒಂದೇ ಒಂದು ಪಾದವೂ ಹೋಗಿರಲಿಲ್ಲ. ನಾನೂರ ಮೂವತ್ತು ಜನರ ದಾಖಲೆಯಲ್ಲಿ ಹಂದಿತೊಡೆ, ಎಲ್ಲದರ ತೂಕವೂ ಹೆಚ್ಚುಕಡಿಮೆ ಒಂದೇ. ಇಷ್ಟು ಹಂದಿ ಈ ಊರಲ್ಲಿ ಎಲ್ಲಿವೆ ಎಂದು ಕೇಳಿದರು. ನಾನು ಸುಳ್ಳು ಹೇಳುವವನಲ್ಲ. ಕೊಕ್ಕೆ ತೋರಿಸಿದೆ. ಅವರು ತೊಡೆಯ ಸುತ್ತ ಎರಡು ಸುತ್ತು ಬಂದರು. ಆಮೇಲೆ ಅಲ್ಲೇ ಕೂತು ಬಹಳ ಹೊತ್ತು ಬರೆದುಕೊಂಡರು. ಹಂದಿತೊಡೆಯನ್ನು ತಿನ್ನಬೇಕಾಗಿಲ್ಲ, ಮೂರು ತಿಂಗಳಿಗೊಮ್ಮೆ ಹತ್ತು ನಿಮಿಷ ಎತ್ತಿಕೊಂಡರೂ ಸಾಕು ಎಂಬುದು ಅವರ ಎರಡನೇ ವರದಿಯ ಸಾರಾಂಶ. ಈಗ ಪ್ರತಿ ಆರೋಗ್ಯಗೃಹಕ್ಕೂ ಒಂದೊಂದು ತೊಡೆ ಸರಬರಾಜಾಗುತ್ತಿದೆ. ತರಬೇತಿ ಕೊಡಲು ಲ್ಯುಬಿಂಕಾ ಸಿಸ್ಟರ್ ಊರೂರು ಸುತ್ತುತ್ತಿದ್ದಾರೆ.

ವರದಿಯ ಮೊದಲ ಪುಟದಲ್ಲಿ ವಿದೊಸಾವಾ ಚಿಕ್ಕಮ್ಮನ ಕಾಲಿನ ಚಿತ್ರವಿದೆ, ಹೆಸರಿಲ್ಲದೆ. ಅದನ್ನು ಅವರಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ನಾಲ್ಕು ಬೆರಳನ್ನೂ ಎಣಿಸಿ, ನನ್ನದೇ ಎಂದು ಖಚಿತಪಡಿಸಿಕೊಂಡರು.

"ಅಲ್ಲ ಬ್ಲಾಗೊಯೆ, ನನ್ನ ಕಾಲು ಉಳಿಸಿದ್ದು ಹಂದಿತೊಡೆನಾ? ಆ ಡಾಕ್ಟ್ರು ಒಂದು ಸಲ ಕಾಲುಚೀಲ ತೆಗೆಸಿ ನೋಡಿದ್ದಕ್ಕೆ ಉಳೀತು. ಅದನ್ನ ಬರೀಬಾರ್ದಾ ಇದರಲ್ಲಿ?"

ನಾನು ಕಂಪ್ಯೂಟರಿನ ಕಾಲಮುಗಳನ್ನು ಮೇಲಿನಿಂದ ಕೆಳಗೆ ಹುಡುಕಿದೆ. ಸಕ್ಕರೆ ಇತ್ತು, ಬಿ.ಪಿ. ಇತ್ತು, ತಂಬಾಕು ಇತ್ತು, ಪದಾರ್ಥ ಇತ್ತು.

"ಅದಕ್ಕೆ ಕಾಲಂ ಇಲ್ಲ ಚಿಕ್ಕಮ್ಮ."

"ಇಲ್ವಾ," ಎಂದರು. ಬಲಗಾಲನ್ನು ಮುಂದೆ ಚಾಚಿದರು. ಅದರ ಹೆಬ್ಬೆರಳು ಈಚೆಗೆ ಜೋಮು ಹಿಡಿಯುತ್ತಿದೆಯಂತೆ. "ಹಾಗಾದ್ರೆ ನನ್ನ ಸರದಿ ಯಾವತ್ತು ಬರುತ್ತೆ ನೋಡಪ್ಪ."

ಪುಸ್ತಕ ತೆರೆದು ನೋಡಿದೆ. ಗುರುವಾರ, ಹತ್ತೂಕಾಲು ಗಂಟೆಗೆ, ಅಂಚೆಯವನ ಹೆಂಡತಿಯ ನಂತರ. ಶುಕ್ರವಾರವಾದರೆ ಉಪವಾಸ, ಮೀನು ಹೊರಬೇಕಾಗುತ್ತದೆ ಎಂದೆ. ಮೀನು ಬೇಡ, ಗುರುವಾರವೇ ಇರಲಿ ಎಂದು ಹೇಳಿ ಅವರು ಚೀಟಿ ತೆಗೆದುಕೊಂಡು ಹೋದರು.