ಬಾಣಂತನಕ್ಕೆ ಕೂತ ಬೈಕು

"ಎಲ್ರೂ ಹೊರಗೆ ಬನ್ನಿ! ಬಾಣಂತೀನ ನೋಡೋಕೆ ಬನ್ನಿ!"

ಬೆಳ್ಳಂಬೆಳಿಗ್ಗೆ ಅಂಗಳದಿಂದ ಮಾವ ಕೂಗಿದ ರೀತಿಗೆ ನಾನು ಏಳು ತಿಂಗಳ ಹೊಟ್ಟೆ ಹಿಡಿದುಕೊಂಡು ಓಡಿಬಂದೆ. ನೋಡಿದರೆ ಮೈಸೂರಿನ ಕಾರ್ಖಾನೆಯಲ್ಲಿ ತಯಾರಾದ ಅವರ ಮುದಿ ಬೈಕು, ಪಕ್ಕಕ್ಕೆ ಅದರ ಸೈಡ್‌ಕಾರು! ಪೆಟ್ರೋಲ್ ಟ್ಯಾಂಕಿನ ಮೇಲೆ ಟಿಫನ್ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯೊಂದು ಕೂತಿತ್ತು.

ನನ್ನ ಮಾವ ಷಡಕ್ಷರಪ್ಪನವರು ನಂಜನಗೂಡಿನಲ್ಲಿ ಹಳೇ ಬೈಕುಗಳ ಎಂಜಿನ್ ರೀಬೋರ್ ಮಾಡುವವರು. ಸವೆದ ಸಿಲಿಂಡರಿನ ಒಳಮೈಯನ್ನು ಕೂದಲೆಳೆಯಷ್ಟು ಕೊರೆದು, ದುಂಡಗೆ ಮಾಡಿ, ಒಂದು ಸೈಜು ದೊಡ್ಡ ಪಿಸ್ಟನ್ ಕೂರಿಸುತ್ತಾರೆ. ಅದರಲ್ಲಿ ಅವರಿಗೆ ಸಾಟಿಯಿಲ್ಲ. ಅಷ್ಟಕ್ಕೇ ನಿಲ್ಲಿಸಿದ್ದರೆ ನಾವೆಲ್ಲ ನೆಮ್ಮದಿಯಾಗಿರುತ್ತಿದ್ದೆವು.

"ರೀಬೋರ್ ಆದ ಎಂಜಿನ್ನು ಹಸಿ ಬಾಣಂತಿ ಇದ್ದಂಗೆ ಕಣವ್ವ ಪ್ರಮೀಳಾ," ಎಂದರು ಮಾವ. "ಹೊಸ ಪಿಸ್ಟನ್ನು, ಹೊಸ ಬೋರು ಒಂದಕ್ಕೊಂದು ಒಗ್ಗೋವರ್ಗೂ ಮೆತ್ತಗೆ ಓಡಿಸ್ಬೇಕು. ನಮ್ ಹುಡುಗ್ರು ಕೇಳ್ತಾವಾ? ಬೈಪಾಸಿಗೆ ಹೋಗಿ ಆಕ್ಸಿಲರೇಟರ್ ಕಿವಿ ಹಿಂಡ್ತಾವೆ. ಪಿಸ್ಟನ್ನು ಕಾದು, ಉಬ್ಬಿ, ಬೋರಿಗೆ ಕಚ್ಕಂಡು ಕೂತ್ಕತ್ತದೆ. ಆಮೇಲೆ ಬೈಸ್ಕಳೋನು ನಾನು! ಇನ್ಮೇಲೆ ಈ ಪೆಟ್ಟಿಗೇನೇ ನೋಡ್ಕತ್ತದೆ. ಗೇರು, ಬ್ರೇಕು, ಹ್ಯಾಂಡ್ಲು, ಎಲ್ಲಾ ಅದರ ಕೈಲೇ!"

"ಅದಕ್ಕೆ ಬುದ್ಧಿ ಎಲ್ಲಿಂದ ತಂದ್ರಿ ಮಾವ?"

ಮಾವ ಅಡುಗೆಮನೆಯತ್ತ ಕಳ್ಳನೋಟ ಬೀರಿ ದನಿ ತಗ್ಗಿಸಿದರು. "ನಿಮ್ಮತ್ತೇದೇ ಕಣವ್ವ. ಒಗ್ಗರಣೆ ಡಬ್ಬೀಲಿ ಎರಡು ವರ್ಷದಿಂದ ಮೈಕು ಬಚ್ಚಿಟ್ಟಿದ್ದೆ. ಅವಳು ಆಡಿದ್ದೆಲ್ಲಾ ಇದ್ರೊಳಗಿದೆ!"

ನಾನು ಬೈಕಿನಿಂದ ಎರಡು ಹೆಜ್ಜೆ ಹಿಂದೆ ಸರಿದೆ. ಅತ್ತೆ ದಾಕ್ಷಾಯಿಣಮ್ಮ ಅರ್ಧ ಊರಿಗೆ ಬಾಣಂತನ ಮಾಡಿದವರು. ಅವರ ಕೈಗೆ ಸಿಕ್ಕಿದ ಬಾಣಂತಿ ಮೂರು ತಿಂಗಳು ಕಿಟಕಿಯ ಹತ್ತಿರ ಸುಳಿಯುವಂತಿಲ್ಲ, ಒಂದು ಲೋಟ ತಣ್ಣೀರು ಕೇಳುವಂತಿಲ್ಲ. ನಾನೋ ಚೊಚ್ಚಲ ಹೆರಿಗೆಗೆ ಮೈಸೂರಿನ ತವರಿಗೆ ಹೋಗಲು ಬ್ಯಾಗು ತುಂಬಿಟ್ಟುಕೊಂಡು ಚಡಪಡಿಸುತ್ತಿದ್ದೆ. ಅತ್ತೆ ಮಾತ್ರ, "ಅಲ್ಲೇನ್ ಮಾಡ್ತಾರೆ, ಮಣ್ಣು! ನನ್ ಮೊಮ್ಮಗು ನನ್ ಮನೇಲೇ ಆಗ್ಬೇಕು" ಎಂದು ಪಟ್ಟು ಹಿಡಿದಿದ್ದರು. ಈ ಮಾತು ಬಂದಾಗಲೆಲ್ಲ ನನ್ನ ಗಂಡ ಹಾಲು ತರಲು ಹೋಗುತ್ತಿದ್ದ. ಮನೆ ತುಂಬ ಹಾಲೋ ಹಾಲು!

ಮಾವ ಗುಂಡಿ ಒತ್ತಿದರು. ಬೈಕು ಡುಗುಡುಗು ಎಂದಿತು. ಪೆಟ್ಟಿಗೆಯೊಳಗಿಂದ ಸಾಕ್ಷಾತ್ ಅತ್ತೆಯ ದನಿ ಹೊರಟಿತು!

"ಯಾರದು ಬಾಣಂತೀನ ಬಯಲಲ್ಲಿ ನಿಲ್ಸಿರೋದು? ಗಾಳಿ ಹೊಡೀತದೆ!"

ಅಂದದ್ದೇ ತಡ, ಬೈಕು ತಿರುಗಿ ಸೈಡ್‌ಕಾರಿನ ಸಮೇತ ಮನೆಯೊಳಗೆ ನುಗ್ಗಿತು. ಬಾಗಿಲಿನ ಒಂದು ರೆಕ್ಕೆ ಅದರ ಜೊತೆಯಲ್ಲೇ ಒಳಗೆ ಹೋಯಿತು.

ಅಲ್ಲಿಂದ ನಮಗೆ ನಿದ್ದೆಯಿಲ್ಲ. ಬಾಣಂತಿ ಒಂದೇ ಕಡೆ ಕೂರಬಾರದಂತೆ! ಬೈಕು ನಡುಮನೆಯಲ್ಲಿ ಆಮೆಯ ವೇಗದಲ್ಲಿ ಸುತ್ತುತ್ತಲೇ ಇತ್ತು. ನಾವು ಗೋಡೆಗೆ ಅಂಟಿಕೊಂಡು ಓಡಾಡುತ್ತಿದ್ದೆವು.

"ಕಿವಿಗೆ ಹತ್ತಿ ಇಡಿ!" ಎಂದಿತು ಪೆಟ್ಟಿಗೆ. ಮಾವ ಸೈಲೆನ್ಸರಿಗೆ ಹತ್ತಿ ತುರುಕಿದರು. ಅದು ಢಮ್ಮೆಂದು ಹಾರಿ ಅತ್ತೆಯ ಸಾರಿನ ಪಾತ್ರೆಗೆ ಬಿತ್ತು!

"ಸೊಂಟ ಬಿಗೀರಿ!" ಎಂದಿತು. ನನ್ನ ಧಾರೆ ಸೀರೆ ಪೆಟ್ರೋಲ್ ಟ್ಯಾಂಕಿನ ಸುತ್ತ ಹೋಯಿತು.

"ಹರಳೆಣ್ಣೆ ಕುಡಿಸಿ!"

"ಇದು ಮಾತ್ರ ಸರಿಯಾಗೇ ಹೇಳ್ತು," ಎಂದು ಮಾವ ಹಿಗ್ಗಿದರು. "ಹಿಂದೆ ರೇಸಿನೋರೂ ಎಂಜಿನ್ನಿಗೆ ಹರಳೆಣ್ಣೆ ಹಾಕೋರು!"

"ಒಂದೇ ಚಮಚ ಸಾಕು ರೀ!" ಎಂದು ಅತ್ತೆ ಅಡುಗೆಮನೆಯಿಂದ ಕೂಗಿದರು.

"ಎರಡು ಹಾಕಿ!" ಎಂದಿತು ಪೆಟ್ಟಿಗೆ.

ಅತ್ತೆ ಸೌಟು ಹಿಡಿದು ಹೊರಬಂದರು. "ಯಾರೇ ಅವ್ಳು ನನ್ಗೇ ಹೇಳ್ಕೊಡೋಳು?"

"ಬಾಣಂತನ ಮಾಡೋರು ಬಾಯಿ ಮಾಡ್ಬಾರ್ದು!"

"ನನ್ ಮಾತು ನನ್ಗೇ ತಿರುಗ್ಸಿ ಹೇಳ್ತೀಯಾ? ಇಷ್ಟು ಚಾಕರಿ ನಾವ್ಯಾಕೆ ಮಾಡ್ಬೇಕು? ನಿನಗೇನು ತವರಿಲ್ವಾ?"

ಬೈಕು ಗಕ್ಕನೆ ನಿಂತಿತು.

"ಇದು ಚೊಚ್ಚಲಾ?" ಎಂದು ಕೇಳಿತು ಪೆಟ್ಟಿಗೆ.

ಮಾವ ತಡವರಿಸಿದರು. "ಹ್ಞೂಂ... ಇದೇ ಮೊದಲ್ನೇ ರೀಬೋರು."

"ಅಯ್ಯೋ! ಚೊಚ್ಚಲು ತವರಲ್ಲೇ ಆಗ್ಬೇಕು! ಅತ್ತೆ ಮನೇಲಿ ಬಾಣಂತನ ಮಾಡಿಸ್ಕೊಳ್ಳೋದು ಯಾವ ಸೀಮೆ ಪದ್ಧತಿ? ತಾಯಿ ಕೈಯಾರೆ ಎರೆದಂಗಾಗ್ತದಾ?"

ಅತ್ತೆ ಎತ್ತಿದ ಸೌಟು ಇಳಿಸಿದರು. ತಮ್ಮ ಮಗಳು ಬಸುರಿಯಾದಾಗ ಅವಳ ಅತ್ತೆಗೆ ಫೋನಿನಲ್ಲಿ ಇವರು ಹೇಳಿದ್ದು ಅಕ್ಷರಶಃ ಇದೇ ಮಾತು!

ಇಂಥ ಗಳಿಗೆ ಮತ್ತೆ ಬರುತ್ತದೆಯೇ? ನಾನು ಬ್ಯಾಗು ಎತ್ತಿಕೊಂಡು ಸೈಡ್‌ಕಾರಿನಲ್ಲಿ ಕೂತುಬಿಟ್ಟೆ. "ನಂದೂ ಚೊಚ್ಚಲೇ. ನಂದೂ ಮೈಸೂರೇ!"

"ಭದ್ರವಾಗಿ ಕೂತ್ಕೋ ಮಗಳೇ," ಎಂದಿತು ಪೆಟ್ಟಿಗೆ. ಅತ್ತೆ ಒಂದು ದಿನವೂ ನನ್ನನ್ನು ಮಗಳೇ ಎಂದಿರಲಿಲ್ಲ.

ಮಾವ ಹಿಂದಿನ ಸೀಟಿಗೆ ಹಾರಿದರು. ಬಾಗಿಲಿನ ಇನ್ನೊಂದು ರೆಕ್ಕೆಯೂ ಹೋಯಿತು. ಕಪಿಲಾ ಸೇತುವೆ ದಾಟಿ ಮೈಸೂರಿನ ದಾರಿ ಹಿಡಿದೆವು. ಪ್ರತಿ ಹಂಪಿನಲ್ಲೂ ಪೆಟ್ಟಿಗೆ "ಮೆತ್ತಗೆ, ಮೆತ್ತಗೆ" ಎನ್ನುತ್ತಿತ್ತು. ಸೈಕಲ್ಲಿನವರು ನಮ್ಮನ್ನು ಹಿಂದೆ ಹಾಕಿ, ಟ್ಯಾಂಕಿಗೆ ಉಡಿಸಿದ್ದ ರೇಷ್ಮೆ ಸೀರೆಯನ್ನು ತಿರುತಿರುಗಿ ನೋಡಿದರು.

ಬೈಕು ನಿಂತದ್ದು ತಾನು ಹುಟ್ಟಿದ ಕಾರ್ಖಾನೆಯ ಮುಂದೆ. ಅದು ಮುಚ್ಚಿ ಎಷ್ಟೋ ವರ್ಷವಾಗಿತ್ತು. ಗೇಟಿಗೆ ತುಕ್ಕು ಹಿಡಿದ ಬೀಗ.

"ಅವ್ವಾ!" ಎಂದು ಕೂಗಿತು ಪೆಟ್ಟಿಗೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೂಗಿತು, "ಅವ್ವಾ, ಬಾಗ್ಲು ತೆಗಿ!"

ದಾರಿಯುದ್ದಕ್ಕೂ ಬಡಬಡಿಸುತ್ತಿದ್ದ ಮಾವ ಟೋಪಿ ತೆಗೆದು ಕೈಯಲ್ಲಿ ಹಿಡಿದರು. ತವರಿಗೆ ಹೊರಟು ಬಂದು ಬೀಗ ನೋಡುವುದೆಂದರೆ ಸಾಮಾನ್ಯ ಸಂಕಟವೇ?

ನಾನು ಟ್ಯಾಂಕಿನ ಮೇಲೆ ಕೈಯಿಟ್ಟೆ. "ನಮ್ಮಮ್ಮನ ಮನೆ ಎರಡು ಬೀದಿ ಆಚೆ. ನಡಿ, ಅದೇ ನಿಂಗೂ ತವರು."

ಹಾಗೆ ನಮ್ಮಮ್ಮ ಎರಡು ಬಾಣಂತನ ಮಾಡಿದಳು. ನನಗೆ ಮಗಳು ಹುಟ್ಟಿದಳು. ಹಿತ್ತಲಿನ ಶೆಡ್ಡಿನಲ್ಲಿ ಬೈಕು ಹರಳೆಣ್ಣೆ ಕುಡಿದು, ಸಾಂಬ್ರಾಣಿ ಹೊಗೆ ತೆಗೆದುಕೊಂಡು ಗುಂಡಗಾಯಿತು ಎಂದು ಮಾವ ಇಂದಿಗೂ ಆಣೆ ಮಾಡುತ್ತಾರೆ. ಪೆಟ್ಟಿಗೆ ಬಿಚ್ಚಲು ಅವರು ಸ್ಪ್ಯಾನರ್ ತಂದಾಗಲೆಲ್ಲ "ಬಾಣಂತಿ ಕೋಣೆಗೆ ಗಂಡಸ್ರು ಬರಬಾರ್ದು!" ಎಂದು ಓಡಿಸುತ್ತದೆ.

ಮಗುವನ್ನು ನೋಡಲು ಅತ್ತೆ ಬಂದರು. ಗೇಟಿನಲ್ಲೇ ಬೈಕು ಅಡ್ಡ ನಿಂತಿತು.

"ಬಂದ್ರಾ ಬೀಗಿತ್ತಿ? ಕಾಲು ತೊಳ್ಕೊಳ್ಳಿ. ಮಗೂನ ದೂರದಿಂದ ನೋಡಿ. ಬಾಣಂತಿಗೆ ಬುದ್ಧಿ ಹೇಳ್ಬೇಡಿ."

ಅತ್ತೆ ಸೀರೆಯ ನೆರಿಗೆ ಎತ್ತಿ ಹಿಡಿದು ಕಾಲು ತೊಳೆಯಲು ನಲ್ಲಿಯ ಕಡೆ ನಡೆದರು. ಅತ್ತೆಯ ಮಾತನ್ನು ಇಷ್ಟು ಚಾಚೂ ತಪ್ಪದೆ ಪಾಲಿಸಿದವರನ್ನು ನಾನು ಅದುವರೆಗೆ ನೋಡಿರಲಿಲ್ಲ.