ಮೀನಿನ ಮರಿಯ ಹೃದಯ ಮತ್ತು ಎರಡು ಕಾನ್ಫೋಕಲ್‌ಗಳು

ಬೆಂಗಳೂರಿಗೆ ಮೊದಲ ಕಾನ್ಫೋಕಲ್ ಮೈಕ್ರೋಸ್ಕೋಪು ತಂದವನು ನಾನೇ. ಸುಳ್ಳು ಬಿಡಿ ಸಾರ್, ಟೀ ಅಂಗಡಿ ಮಾತು. ಕೆಂಗೇರಿ ಉಪನಗರದಾಚೆಯ ಒಂದು ಲ್ಯಾಬಿನಲ್ಲಿ ಅದನ್ನು ನಡೆಸೋ ಆಪರೇಟರು ನಾನು, ಅಷ್ಟೆ. ಭಾರೀ ಓದಿದವರನ್ನು ಕತ್ತಲೆ ಕೋಣೆಯಲ್ಲಿ ಕೂರಿಸಿ ಕಣ್ಣಿಗೆ ಕಾಣದ್ದನ್ನು ತೋರಿಸಿದರೆ ಈಗ ಹೇಳೋವಂಥ ತಮಾಷೆಗಳು ನಡೀತಾನೇ ಇರ್ತವೆ.

೧. ಯಾವ ಮೆಷಿನ್ನು?

ಪಿಎಚ್‌ಡಿ ಮಾಡುತ್ತಿದ್ದ ಹುಡುಗಿಯೊಬ್ಬಳು ಬಂದಳು. ಸೂಜಿಮೊನೆಯಷ್ಟು ಮೀನಿನ ಮರಿಯ ಹೃದಯ ಬಡಿಯೋ ವಿಡಿಯೊ ಬೇಕಂತೆ. ಅದಿಲ್ಲದೆ ಥೀಸಿಸ್ಸಿಗೆ ಸಹಿ ಇಲ್ಲ ಅಂದಿದ್ದರು ಅವಳ ಪ್ರೊಫೆಸರು.

ನಮ್ಮಲ್ಲಿ ಎರಡು ಕಾನ್ಫೋಕಲ್ ಇವೆ. ಚಾಕು ಮುಟ್ಟಿಸದೆ ಒಳಗಿನ ಒಂದೊಂದೇ ಪದರ ತೋರಿಸೋದು ಎರಡರ ಕೆಲಸವೂ. ಹಳೆಯ ಲೇಸರ್ ಸ್ಕ್ಯಾನಿಂಗ್ ಮೆಷಿನ್ನು ನಮ್ಮ ಚಂದ್ರಾ ಲೇಔಟಿನ ತಾತ ಪೇಪರ್ ಓದಿದ ಹಾಗೆ: ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು, ನಿಧಾನ, ಆದರೆ ಒಂದೂ ಬಿಡಲ್ಲ. ಹೊಸದರಲ್ಲಿ ಸಾವಿರಾರು ತೂತಿನ ತಟ್ಟೆ ಗಿರಗಿರ ತಿರುಗುತ್ತೆ. ಇಡೀ ಕ್ಲಾಸು ಒಟ್ಟಿಗೆ ಮಗ್ಗಿ ಹೇಳಿದ ಹಾಗೆ, ಬೇಗ ಮುಗಿಯುತ್ತೆ. ದಪ್ಪ ಸ್ಯಾಂಪಲ್ ಆದರೆ ಪಕ್ಕದವನ ದನಿ ಬೆರೆತು ಚಿತ್ರ ಸ್ವಲ್ಪ ಮಸುಕಾಗುತ್ತೆ.

"ನನ್ನ ಮರಿಗೆ ಯಾವುದು ಅಣ್ಣ?" ಅಂದಳು.

ಬಡಿಯೋ ಹೃದಯಕ್ಕೆ ಹೊಸದೇ ಸರಿ ಅಂದೆ. ಅವಳು ಪ್ರೊಫೆಸರ ಚೀಟಿ ತೋರಿಸಿದಳು. ಅದರಲ್ಲಿ 'ಹಳೆಯದರಲ್ಲೇ' ಅಂತಿತ್ತು, ಕೆಳಗೆ ಎರಡು ಗೆರೆ ಬೇರೆ.

೨. ಎಷ್ಟು ಸ್ಪಷ್ಟ!

ಹಾಗೇ ಮಾಡಿದೆವು. ಲೇಸರು ತಲೆಯಿಂದ ಬುಡಕ್ಕೆ ಇಳಿಯೋ ಹೊತ್ತಿಗೆ ಹೃದಯ ನಾಲ್ಕು ಸಲ ಬಡಿದಿತ್ತು. ಚಿತ್ರ ಥೇಟು ಕೋಡುಬಳೆ. ಪ್ರೊಫೆಸರು ಮರಿಗೆ ಏನೋ ಕಾಯಿಲೆ ಅಂತ ಬರೆದುಕೊಂಡರು. ಸಾರ್, ನಮ್ಮಿಬ್ಬರ ಫೋಟೋ ಇದರಲ್ಲಿ ತೆಗೆದರೂ ಕಾಯಿಲೆನೇ ಕಾಣುತ್ತೆ ಅಂದೆ. ಕೇಳಿಸಲಿಲ್ಲ.

ಮಾರನೇ ದಿನ ಚಿತ್ರ ಕನ್ನಡಿಯಂತಿತ್ತು. ಪ್ರೊಫೆಸರು ಅರಳಿದರು. "ನೋಡಿದ್ರೇನ್ರೀ, ಹಳೇ ಮೆಷಿನ್ನು! ಎಷ್ಟು ಸ್ಪಷ್ಟ!"

"ಸತ್ತಿದೆ ಸಾರ್," ಅಂದೆ.

೩. ಹೊಸ ಜೀವಕೋಶ

ಕೊನೆಗೆ ಹೊಸ ಮೆಷಿನ್ನಿಗೆ ಒಪ್ಪಿದರು. ಅವತ್ತು ಬೆಳಗ್ಗೆ ಲ್ಯಾಬಿನಲ್ಲಿ ಆಯುಧಪೂಜೆ. ಮೆಷಿನ್ನಿಗೆ ಅರಿಶಿನ ಕುಂಕುಮ ತಾವೇ ಹಚ್ಚಬೇಕು ಅಂತ ಹಠ ಮಾಡಿದವರು ಪ್ರೊಫೆಸರು. ಮಧ್ಯಾಹ್ನ ಇನ್ನೊಂದು ಮರಿಯಿದ್ದ ಗಾಜಿನ ತಟ್ಟೆಯನ್ನು ಒಳಗಿಟ್ಟವರೂ ಅವರೇ.

ಹೃದಯ ಟಪಟಪ ಬಡಿಯಿತು, ಅದ್ಭುತ. ಆದರೆ ಸುತ್ತ ಹಸಿರು ನಕ್ಷತ್ರಗಳು. ಪ್ರೊಫೆಸರು ಎದ್ದು ನಿಂತರು. ಇದುವರೆಗೆ ಯಾರೂ ನೋಡದ ಜೀವಕೋಶವಂತೆ! ಥೀಸಿಸ್ ಹಾಗಿರಲಿ, ಇದರ ಮೇಲೇ ಇನ್ನೆರಡು ವರ್ಷ ಕೆಲಸ ಮಾಡಮ್ಮ ಅಂದರು.

ಹುಡುಗಿ ಥೀಸಿಸ್ಸಿನ ಕಟ್ಟನ್ನು ಎದೆಗೊತ್ತಿಕೊಂಡಳು. ಎರಡು ವರ್ಷ! ಅವಳು ನನ್ನ ಕಡೆ ನೋಡಿದಳು. ನಾನು ಪ್ರೊಫೆಸರ ಉಗುರು ನೋಡಿದೆ.

"ಸಾರ್, ಒಂದು ಸಲ ಮೆಷಿನ್ನಿನೊಳಗೆ ನಿಮ್ಮ ಬೆರಳಿಡಿ."

ಇಟ್ಟರು. ಪರದೆ ತುಂಬ ಹಸಿರು, ದೀಪಾವಳಿ! ಅರಿಶಿನಕ್ಕೆ ಮೆಷಿನ್ನಿನ ನೀಲಿ ಬೆಳಕು ಬಿದ್ದರೆ ಹಾಗೆ ಸಾರ್ ಅಂದೆ. ಪ್ರೊಫೆಸರು ಬೆರಳು ನೋಡಿಕೊಂಡರು, ಮರಿಯನ್ನು ನೋಡಿದರು, ಪೆನ್ನು ಕೇಳಿದರು. ಅಲ್ಲೇ ಸಹಿಯಾಯಿತು. ಆ ಥೀಸಿಸ್ಸಿನ ಮೊದಲ ಪುಟದಲ್ಲಿ ಇವತ್ತಿಗೂ ಹಳದಿ ಹೆಬ್ಬೆಟ್ಟಿನ ಗುರುತಿದೆ. ಅದನ್ನೂ ಮೆಷಿನ್ನಿನಲ್ಲಿಟ್ಟು ನೋಡಿದೆ: ಸಹಿಗಿಂತ ಹೆಬ್ಬೆಟ್ಟೇ ಚೆನ್ನಾಗಿ ಹೊಳೆಯುತ್ತೆ.

ಈ ಕೊನೇದು ಮಾತ್ರ ಸುಳ್ಳಿರಬಹುದು. ಇರಲಿ, ನಗ್ತಾ ಇದೀರಲ್ಲ, ಹಾಗೇ ನನ್ನ ಟೀ ದುಡ್ಡೂ ಕೊಟ್ಟುಬಿಡಿ ಸಾರ್.